ರೇಜರಿಗೆ ಪುನರ್ವಸತಿ

ನಮ್ಮ ಗುಳೇದಗುಡ್ಡದ ಕಾಕಾ ಒಮ್ಮೆ ನನ್ನ ತುರಟಿ ತಿಂದರು. ತುರಟಿ ಅಂದರೆ ಪಟಿಕ, ದಾಡಿ ಆದ ಮೇಲೆ ಕೆನ್ನೆಗೆ ತಿಕ್ಕಿಕೊಳ್ಳುವ ಕಲ್ಲು. ತಪ್ಪು ಕಾಕಾನದ್ದಲ್ಲ. ಅದು ಕರದಂಟಿನ ಡಬ್ಬಿಯಲ್ಲಿತ್ತು. ಆ ಡಬ್ಬಿಯಲ್ಲಿ ತಿನ್ನುವ ಸಾಮಾನೇ ಇರುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಯಾರಾದರೂ ಹೇಳಿಕೊಡಬೇಕೇ?

ಇದಕ್ಕೆಲ್ಲ ಮೂಲ ಆಲಮಟ್ಟಿ ಅಣೆಕಟ್ಟು. ನಗಬೇಡಿ. ಹಳೇ ಬಾಗಲಕೋಟೆಯ ನಮ್ಮ ಮನೆಯ ಗೋಡೆ ಮೊಳದಷ್ಟು ದಪ್ಪ. ಗೋಡೆಯಲ್ಲಿ ಮಾಡಗಳಿದ್ದವು, ಅಂದರೆ ಗೂಡುಗಳು. ಒಂದರಲ್ಲಿ ದೀಪ. ಇನ್ನೊಂದರಲ್ಲಿ ಅಪ್ಪನ ದಾಡಿ ಸಾಮಾನು: ಹಿತ್ತಾಳೆ ರೇಜರ್, ಬ್ರಷ್, ಸೋಪಿನ ಬಟ್ಟಲು, ತುರಟಿ. ಅಲ್ಲಿ ಗಾಳಿ ಆಡುತ್ತಿತ್ತು, ಎಲ್ಲ ತಾನೇ ಒಣಗುತ್ತಿತ್ತು, ಹುಡುಗರ ಕೈಗೆ ಎಟಕುತ್ತಿರಲಿಲ್ಲ. ಆಮೇಲೆ ಹಿನ್ನೀರು ಬಂತು. ನಾವು ನವನಗರದ ಸೆಕ್ಟರಿಗೆ ಬಂದೆವು. ಮನೆಗೆ ಪರಿಹಾರ ಸಿಕ್ಕಿತು. ಮಾಡವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಸ ಮನೆಯ ಗೋಡೆಯೋ, ಮೊಳೆ ಹೊಡೆದರೆ ಪಕ್ಕದ ಕೋಣೆಯಲ್ಲಿ ತುದಿ ಕಾಣುತ್ತದೆ. ನಮಗೆಲ್ಲ ಪುನರ್ವಸತಿ ಆಯಿತು, ರೇಜರಿಗೆ ಇನ್ನೂ ಆಗಿಲ್ಲ.

ಅಪ್ಪನ ನಂತರ ರೇಜರ್ ನನ್ನ ಪಾಲಿಗೆ ಬಂತು. ಮೊದಲು ಎಲ್ಲವನ್ನೂ ಒಂದು ಸ್ಟೀಲ್ ಗ್ಲಾಸಿನಲ್ಲಿ ನಿಲ್ಲಿಸಿದೆ. ನೋಡಲು ಚಂದ. ಆದರೆ ಗ್ಲಾಸಿನ ತಳದಲ್ಲಿ ನೀರು ನಿಂತು ಮೂರನೇ ದಿನಕ್ಕೇ ಬ್ಲೇಡಿಗೆ ತುಕ್ಕು. ಬ್ರಷ್ಷಿನ ಕೂದಲು ಮೇಲೆ ಮಾಡಿ ಇಟ್ಟಿದ್ದೆ. ನೀರು ಬುಡಕ್ಕೆ ಇಳಿಯುತ್ತದೆ, ಕೂದಲು ಹಿಡಿದಿರುವ ಅಂಟು ಇರುವುದೂ ಅಲ್ಲೇ. ಒಂದು ಬೆಳಿಗ್ಗೆ ನೊರೆ ಹಚ್ಚಿಕೊಂಡು ಕನ್ನಡಿ ನೋಡಿದರೆ ಅರ್ಧ ಬ್ರಷ್ಷು ನನ್ನ ಗದ್ದದ ಮೇಲಿತ್ತು. ದಾಡಿ ತೆಗೆಯಲು ಹೋದವನಿಗೆ ಹೊಸ ದಾಡಿ ಬಂದಿತ್ತು.

ಹೊಸ ಬ್ರಷ್ ತಂದೆ. ಈ ಸಲ ಕರದಂಟಿನ ಖಾಲಿ ಡಬ್ಬಿ. ಮುಚ್ಚಳ ಗಟ್ಟಿ, ಧೂಳು ಬೀಳುವುದಿಲ್ಲ. ಒದ್ದೆ ಬ್ರಷ್ ಒಳಗಿಟ್ಟು ಮುಚ್ಚಿದರೆ ಏನಾಗುತ್ತದೆ ಅಂತ ವಾರದಲ್ಲಿ ಗೊತ್ತಾಯಿತು. "ರೀ, ಈ ಡಬ್ಬಿ ಒಳಗ ಇಲಿ ಸತ್ತೈತೇನ್ರೀ?" ಅಂದಳು ಹೆಂಡತಿ. ಡಬ್ಬಿಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆ. ಬ್ರಷ್ಷು, ರೇಜರ್ ತೆಗೆದು ತೊಳೆಯಲು ಒಳಗೆ ಹೋದೆ. ತುರಟಿ ಡಬ್ಬಿಯಲ್ಲೇ ಉಳಿಯಿತು.

ಅದೇ ಹೊತ್ತಿಗೆ ಕಾಕಾ ಬಂದು ಕಟ್ಟೆಯ ಮೇಲೆ ಕೂತರು. ಬಿಸಿಲಲ್ಲಿ ಬಂದ ಮನುಷ್ಯ. ಪಕ್ಕದಲ್ಲಿ ಕರದಂಟಿನ ಡಬ್ಬಿ, ಅದರಲ್ಲಿ ಬೆಳ್ಳಗೆ ಹೊಳೆಯುವ ಚೂರು. ನಾನು ಹೊರಗೆ ಬರುವಷ್ಟರಲ್ಲಿ ಬಾಯೊಳಗೆ ಹೋಗಿತ್ತು.

"ತಮ್ಮಾ, ಈ ಕಲ್ಲಸಕ್ರಿ ಯಾಕೋ ಒಗರ ಐತಲ್ಲೋ!"

ಇದಿಷ್ಟೇ ಅವರು ಆಡಿದ ಮಾತು. ಚರ್ಮ ಬಿಗಿ ಹಿಡಿಸಿ ರಕ್ತ ನಿಲ್ಲಿಸುವುದು ತುರಟಿಯ ಕೆಲಸ. ನಾಲಿಗೆಯ ಮೇಲೂ ಅದು ಅದನ್ನೇ ಮಾಡಿತು. ಐದಾರು ಸಲ ಬಾಯಿ ಮುಕ್ಕಳಿಸಿದರೂ ಅರ್ಧ ತಾಸು ಕಾಕಾ ಸುಮ್ನೆ ಕೂತಿದ್ದರು. ಮದುವೆಯಾದ ಮೇಲೆ ಇವರು ಇಷ್ಟು ಹೊತ್ತು ಸುಮ್ಮನಿದ್ದಿದ್ದು ಇದೇ ಮೊದಲು ಅಂತ ಕಾಕು ಫೋನಿನಲ್ಲಿ ಹೇಳಿದರು. ಎಲ್ಲಿ ಸಿಗುತ್ತದೆ ಅಂತಲೂ ಕೇಳಿದರು.

ಬ್ರಷ್ಷನ್ನು ಕೂದಲು ಕೆಳಗೆ ಮಾಡಿ ತೂಗುಹಾಕಬೇಕು ಅನ್ನುವುದು ಆಮೇಲೆ ಹೊಳೆಯಿತು. ಹೆಂಡತಿಯ ಪ್ಲಾಸ್ಟಿಕ್ ಬಳೆಯೊಂದನ್ನು ಒಂದು ಕಡೆ ಕತ್ತರಿಸಿ ಕನ್ನಡಿಯ ಹಲಗೆಗೆ ಸ್ಕ್ರೂ ಹಾಕಿದೆ. ಬ್ರಷ್ಷಿನ ಕುತ್ತಿಗೆ ಅದರಲ್ಲಿ ಸರಿಯಾಗಿ ಕೂತಿತು. ಬಳೆ ಒಡೆದದ್ದಲ್ಲ, ಹೊಸ ಜೋಡಿಯದು ಅಂತ ತಿಳಿದದ್ದು ಸಂಜೆ. ರೇಜರಿಗೆ ತಂತಿಯ ಕೊಕ್ಕೆ ಮಾಡಿದೆ. ಹದಿನೈದು ದಿನ ನಿಂತಿತು. ಆಮೇಲೆ ಬಚ್ಚಲಮನೆಯಲ್ಲಿ ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು. ಅದನ್ನು ಹೇಗೆ ತೆಗೆದೆ ಅಂತ ಬರೆಯುವುದಿಲ್ಲ.

ಉಳಿದದ್ದು ಹಳೇ ಬ್ಲೇಡಿನ ಚಿಂತೆ. ಕಸಕ್ಕೆ ಹಾಕಿದರೆ ಕಸ ಒಯ್ಯುವವರ ಕೈ ಕೊಯ್ಯುತ್ತದೆ. ಜಿಲೆಟ್ ಕಂಪನಿ 1903ರಲ್ಲಿ ವರ್ಷವಿಡೀ ಮಾರಿದ್ದು 51 ರೇಜರ್, 168 ಬ್ಲೇಡು. ಮರುವರ್ಷ ಬ್ಲೇಡಿನ ಮಾರಾಟ ಲಕ್ಷ ದಾಟಿತು. ಬಳಸಿ ಬಿಸಾಡಿ ಅಂದರು, ಎಲ್ಲಿ ಅಂತ ಹೇಳಲಿಲ್ಲ. ಅಮೆರಿಕದ ಹಳೇ ಮನೆಗಳಲ್ಲಿ ಬಚ್ಚಲಮನೆಯ ಕಪಾಟಿಗೆ ಒಂದು ಸಣ್ಣ ಸೀಳು ಇರುತ್ತಿತ್ತಂತೆ. ಬ್ಲೇಡು ತೂರಿಸಿದರೆ ಗೋಡೆಯ ಒಳಗೇ ಬೀಳುತ್ತಿತ್ತು. ಈಗ ಗೋಡೆ ಒಡೆದವರಿಗೆ ರಾಶಿ ರಾಶಿ ಸಿಗುತ್ತವೆ. ನಮ್ಮ ಗೋಡೆಗೆ ಆ ಯೋಗ್ಯತೆ ಇಲ್ಲ ಅಂತ ಆಗಲೇ ಹೇಳಿದೆನಲ್ಲ. ಸಂತೆಯಿಂದ ಒಂದು ಮಣ್ಣಿನ ಹುಂಡಿ ತಂದೆ. ನಾಣ್ಯದ ಸೀಳು, 22 ಮಿಲಿಮೀಟರ್ ಅಗಲದ ಬ್ಲೇಡು ಸಲೀಸಾಗಿ ಇಳಿಯಿತು.

ಹುಂಡಿ ಬ್ಲೇಡಿಗೆ ಅಂತ ಮನೆಯಲ್ಲಿ ಹೇಳಲು ಮರೆತೆ. ಎರಡನೇ ಕ್ಲಾಸಿನ ಮಗಳು ಎಂಟು ತಿಂಗಳಿಂದ ಅದರಲ್ಲೇ ರೊಕ್ಕ ಹಾಕುತ್ತಿದ್ದಾಳೆ. ಸೈಕಲ್ಲಿಗಂತೆ. ನಿನ್ನೆ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದಳು, "ಅವ್ವಾ, ಭಾಳ ಆಗೈತಿ, ಒಡೆಯೋಣೇನು?"

ಹೆಂಡತಿ ನನ್ನ ಕಡೆ ನೋಡಿದಳು. "ತಡಿ ಅವ್ವಿ, ಅದರಾಗ ನಿಮ್ಮಪ್ಪನ ಉಳಿತಾಯನೂ ಐತಿ."