ಇಪ್ಪತ್ತೈದು ಅಂದ್ರೆ ಮುಕ್ಕಾಲು ಅಂತೆ!

ಮುಕ್ಕಾಲಂತೆ. 25 ಎಂಎಂ ಅಂದ್ರೆ ಮುಕ್ಕಾಲಿಂಚು ಅಂತೆ. ಹೇಳಿದ್ದು ಮೀಸೆ ಸರಿಯಾಗಿ ಮೂಡದ ಒಬ್ಬ ಹುಡುಗ. ಕೇಳಿಸಿಕೊಂಡು ನಕ್ಕದ್ದು ಕಾಸರಗೋಡಿನ ಬದಿಯಡ್ಕ ಪೇಟೆಯ ಅರ್ಧ ಜನ.

29 ವರ್ಷ ಗಣಿತ ಕಲಿಸಿದವನು ನಾನು. ಒಂದಿಂಚು ಅಂದ್ರೆ 25.4 ಮಿಲಿಮೀಟರ್. ಬೋರ್ಡಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಮರೆತವರಿಂದ ಹತ್ತು ಸಲ ಬರೆಸಿದ್ದೇನೆ. ಆ ಮಕ್ಕಳ ಶಾಪವೇ ಇರಬೇಕು.

ಒಡೆದ ಪೈಪಿನ ಮೇಲೆ 25 ಎಂಎಂ ಅಂತ ಸ್ಪಷ್ಟವಾಗಿ ಬರೆದಿತ್ತು. ಜೋಡಿಸಲು ಕಪ್ಲಿಂಗ್ ಬೇಕಿತ್ತು, ಅಂದ್ರೆ ಪೈಪಿನ ತುದಿಗಳನ್ನು ಒಳಗೆ ತೂರಿಸುವ ಗಿಡ್ಡ ಕೊಳವೆ. ಅಂಗಡಿಯಲ್ಲಿ "ಇಪ್ಪತ್ತೈದು ಎಂಎಂ ಕಪ್ಲಿಂಗ್ ಎರಡು" ಅಂದೆ. ಧಣಿ ಫೋನಿನಿಂದ ತಲೆ ಎತ್ತಲೇ ಇಲ್ಲ. "ಇಂಚಲ್ಲಿ ಹೇಳಿ ಮಾಷ್ಟ್ರೇ."

ಪೈಪಿನ ತುಂಡು ನನ್ನ ಚೀಲದಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಕತೆ ಮುಗೀತಿತ್ತು. ಆದರೆ ಬಾಯಿ ಸುಮ್ನಿರಬೇಕಲ್ಲ? ಶುರು ಮಾಡಿದೆ. ಪೈಪಿನ ಮೇಲೆ ಎಂಎಂ, ಬಾಯಲ್ಲಿ ಮಾತ್ರ ಯಾಕೆ ಇಂಚು? 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು, ಡಿಸೆಂಬರಿನಲ್ಲಿ ಅಳತೆ-ತೂಕದ ಕಾನೂನು ಬಂತು. ಕೇರಳಕ್ಕೆ ಒಗ್ಗಿಕೊಂಡಿರಿ, ಮೀಟರಿಗೆ ಒಗ್ಗಲು ಇನ್ನೂ ಆಗಲಿಲ್ವಾ? ಸೇರು, ಕುಡ್ತೆ ಹೋಗಿ ಕಿಲೋ, ಲೀಟರ್ ಬರಲಿಲ್ವಾ? ಎಣಿಸಿ ಮಾರುತ್ತಿದ್ದ ತೆಂಗಿನಕಾಯಿಯೇ ಈಗ ತಕ್ಕಡಿ ಹತ್ತಿದೆ, ನಿಮಗೇನು ಕಷ್ಟ? ಕೊನೆಗೆ, "ಲೆಕ್ಕ ನಾನೇ ಮಾಡಿಕೊಡ್ತೇನೆ, ಒಂದಿಂಚಿನದ್ದು ಕೊಡಿ" ಅಂದೆ.

ಆಗಲೇ ಅಂಗಡಿಯ ಆ ಹುಡುಗ ಮೆಲ್ಲ ಹೇಳಿದ. "ಮಾಷೇ, ಇಪ್ಪತ್ತೈದು ಅಂದ್ರೆ ಮುಕ್ಕಾಲು."

ನಾನೇನು ಕೇಳಿದೆ ಗೊತ್ತಾ? "ನೀನು ಎಷ್ಟನೇ ಕ್ಲಾಸಿನವರೆಗೆ ಹೋಗಿದ್ದೀ?" ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗ್ತಿದೆ.

ಮನೆಗೆ ಬಂದು ಹಾಕಿದರೆ ಕಪ್ಲಿಂಗಿನೊಳಗೆ ಪೈಪು ಗಂಟೆಯ ನಾಲಗೆಯ ಹಾಗೆ ಆಡ್ತಿದೆ. ಸುತ್ತಲೂ ಬೇಕಾದಷ್ಟು ಜಾಗ. ಮನೆಯವಳು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಎರಡು ಗಂಟೆ ಬಿಟ್ಟು ಅದೇ ಅಂಗಡಿಗೆ ಹೋದೆ. ಮೆಟ್ಟಿಲು ಹತ್ತಿದ್ದೇ ತಡ, ಹುಡುಗ ಬಗ್ಗಿ ಮೇಜಿನ ಅಡಿಯಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಎರಡು ಮುಕ್ಕಾಲಿಂಚಿನ ಕಪ್ಲಿಂಗ್. ಪೇಪರಿನಲ್ಲಿ ಸುತ್ತಿ, ರಬ್ಬರ್ ಹಾಕಿ, ಮೊದಲೇ ತೆಗೆದಿಟ್ಟಿದ್ದ! ಮುಖದಲ್ಲಿ ನಗು ಇರಲಿಲ್ಲ. ಅದೇ ಹೆಚ್ಚು ಚುಚ್ಚಿದ್ದು. ನಕ್ಕದ್ದು ಪಕ್ಕದಲ್ಲಿ ಪೈಂಟ್ ತೆಗೆದುಕೊಳ್ಳುತ್ತಿದ್ದವನು, ನನ್ನದೇ ಹಳೇ ವಿದ್ಯಾರ್ಥಿ. "ಹಾಗಾದ್ರೆ ನಮಗೆ ಹೇಳಿ ಕೊಟ್ಟದ್ದು ತಪ್ಪಾ ಮಾಷ್ಟ್ರೇ?"

ತಪ್ಪಲ್ಲ! ರಾತ್ರಿ ಅಳಿಯ ಫೋನಿನಲ್ಲಿ ಬಿಡಿಸಿ ಹೇಳಿದ. ಪ್ಲಾಸ್ಟಿಕ್ ಪೈಪಿನ ಎಂಎಂ ಹೊರಗಿನ ಅಳತೆ. ಇಂಚು ಅನ್ನುವುದು ಹಳೇ ಕಬ್ಬಿಣದ ಪೈಪಿನ ಒಳಗಿನ ತೂತಿನಿಂದ ಬಂದ ಹೆಸರು. ಹಾಗಾಗಿ ಪ್ಲಾಸ್ಟಿಕ್ಕಿನಲ್ಲಿ 20 ಅಂದ್ರೆ ಅರ್ಧ, 25 ಅಂದ್ರೆ ಮುಕ್ಕಾಲು, 32 ಅಂದ್ರೆ ಒಂದಿಂಚು. ಒಂದಿಂಚಿನ ಪೈಪನ್ನು ಹೊರಗಿನಿಂದ ಅಳೆದರೆ ಒಂದೂಕಾಲಿಂಚು! ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣದ ಪೈಪಾದರೆ ಮಾತ್ರ 25 ಅಂದ್ರೆ ಒಂದಿಂಚೇ. ಅಂದರೆ ನಾನು ಹೇಳಿದ್ದು ಜಿಐಗೆ ಸರಿ. ಈಗ ಇದನ್ನು ಹೇಳಲು ಮೂರನೇ ಸಲ ಹೋಗಲಾ?

ಪೂರ್ತಿ ಎಂಎಂನಲ್ಲೇ ಮಾತಾಡಿದ್ದರೆ ಈ ತೊಂದರೆಯೇ ಇರಲಿಲ್ಲ. 25ರ ಪೈಪಿಗೆ 25ರ ಕಪ್ಲಿಂಗ್, ಮುಗೀತು. ಟ್ಯಾಂಕಿ ಲೀಟರಿನಲ್ಲಿ, ಪಂಪು ಎಚ್‌ಪಿಯಲ್ಲಿ, ಪೈಪು ಇಂಚಿನಲ್ಲಿ, ಬಾವಿ ಹಳೇ ಕೋಲಿನ ಅಳತೆಯಲ್ಲಿ. ಒಂದೇ ನೀರು ಸ್ವಾಮೀ! ಇದನ್ನು ಯಾರು ಸರಿ ಮಾಡಬೇಕು? ಗೊತ್ತಿದ್ದವರು ಯಾರಾದರೂ ಹೇಳಿ. ಧಣಿಯನ್ನು ಕೇಳಿದರೆ "ಎಲ್ಲರೂ ಹಾಗೇ ಹೇಳುವುದು" ಅಂತಾರೆ.

ಹೌದು, ಎಲ್ಲರೂ. ನಾನೂ. ನನ್ನ ಎತ್ತರ ಕೇಳಿದರೆ ಐದಡಿ ನಾಲ್ಕಿಂಚು ಅಂತೇನೆ, ಸೆಂಟಿಮೀಟರಿನಲ್ಲಿ ಹೇಳಬೇಕಾದರೆ ಕಾಗದ ಬೇಕು. ಮಗಳ ಮದುವೆಯ ಚಿನ್ನವನ್ನು ಇವತ್ತಿಗೂ ಪವನಿನಲ್ಲೇ ಲೆಕ್ಕ ಹಾಕ್ತೇನೆ, ಎಂಟು ಗ್ರಾಂ ಅಂತ ಗೊತ್ತಿದ್ದರೂ. ತೆರಿಗೆ ರಶೀದಿಯಲ್ಲಿ ನಮ್ಮ ಜಾಗ 16 ಆರ್, 19 ಚದರ ಮೀಟರ್ ಅಂತಿದೆ (ಒಂದು ಆರ್ ಅಂದ್ರೆ ನೂರು ಚದರ ಮೀಟರ್). ಯಾರಾದರೂ ಕೇಳಿದರೆ 40 ಸೆಂಟ್ಸ್ ಅಂತಲೇ ಬಾಯಿಗೆ ಬರುವುದು. ಜ್ವರ ಬಂದರೆ ನೂರಾ ಒಂದು. ಸೆಲ್ಸಿಯಸ್ಸಿನಲ್ಲಿ ಹೇಳಿದರೆ ಮನೆಯವರಿಗೆ ಹೆದರಿಕೆಯೇ ಆಗಲಿಕ್ಕಿಲ್ಲ.

ಹೋಗಲಿ ಬಿಡಿ. ಕಪ್ಲಿಂಗ್ ಸರಿಯಾಗಿ ಕೂತಿದೆ, ತೋಟಕ್ಕೆ ನೀರು ಹೋಗ್ತಿದೆ. ಒಂದಿಂಚಿನ ಎರಡು ಕಪ್ಲಿಂಗ್ ಕಿಟಕಿಯಲ್ಲಿ ಕೂತು ನನ್ನನ್ನೇ ನೋಡ್ತಿವೆ, ವಾಪಸ್ ಕೊಡಲು ಮುಖ ಇಲ್ಲ.

ಈಗ ಮನೆಯವಳು ಒಳಗಿನಿಂದ ಕೂಗ್ತಿದ್ದಾಳೆ. ನಾಳೆ ಬಾಗಿಲಿಗೆ ಪರದೆ ಬಟ್ಟೆ ತರಬೇಕಂತೆ. ಬಾಗಿಲು ಏಳಡಿ, ಬಟ್ಟೆ ಮೀಟರಿನಲ್ಲಿ.

ನಾನು ಹೋಗುವುದಿಲ್ಲ.