ಬೆವರು ಅಂತ ಬರೆದರೆ ತಪ್ಪೇನು?

ಇವತ್ತು ಸಂಜೆ ನನ್ನ ಪುಸ್ತಕದ ಕರಡು ವಾಪಸ್ ಬಂತು. ಸಕ್ಕರೆ ಕಾಯಿಲೆ ಬಗ್ಗೆ ಎರಡು ವರ್ಷದಿಂದ ಬರೀತಿದ್ದೀನಲ್ಲ, ಅದೇ. ತಿದ್ದಿದವರು ಹಿರಿಯರು, ಕನ್ನಡ ಚೆನ್ನಾಗಿ ಬಲ್ಲವರು. ಅವರ ಮೇಲೆ ನನಗೆ ಗೌರವವಿದೆ. ಆದರೆ ನಾಲ್ಕನೇ ಪುಟ ನೋಡಿದಾಗಿನಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ.

ನಾನು ಬರೆದಿದ್ದು ಇದು: "ಮೈ ಬೆವರಿ, ಕೈ ನಡುಗಿ, ಎದೆ ಢವಢವ ಅಂದರೆ ಶುಗರ್ ಇಳಿದಿರಬಹುದು. 3 ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ."

ತಿದ್ದಿ ಬಂದಿದ್ದು ಇದು: "ಅತಿಯಾದ ಸ್ವೇದ, ಹಸ್ತಕಂಪನ ಹಾಗೂ ಹೃದಯ ಬಡಿತದ ಏರಿಕೆ ಗೋಚರಿಸಿದಲ್ಲಿ ಶರ್ಕರ ದ್ರಾವಣವನ್ನು ಸೇವಿಸತಕ್ಕದ್ದು."

ಇದನ್ನು ಓದಬೇಕಾದವರು ಯಾರು? ರಾತ್ರಿ ಎರಡು ಗಂಟೆಗೆ ಅತ್ತೆ ತಣ್ಣಗೆ ಬೆವೆತು ಏನೇನೋ ಮಾತಾಡುವಾಗ ಗಾಬರಿಯಲ್ಲಿ ಪುಟ ತಿರುವುವ ಸೊಸೆ. ಅವಳಿಗೆ ಸ್ವೇದ ಯಾಕೆ ಬೇಕು?

ಶುಗರ್ ಇದ್ದಲ್ಲೆಲ್ಲ ಮಧುಮೇಹ. ಕಿಡ್ನಿ ಇದ್ದಲ್ಲೆಲ್ಲ ಮೂತ್ರಪಿಂಡ. ಅಂಗಾಲಿನ ಜೋಮು ಹೋಗಿ "ಪಾದಗಳ ಸಂವೇದನಾಶೂನ್ಯತೆ" ಬಂದಿದೆ. 22 ವರ್ಷದಿಂದ ತಿಪಟೂರಿನಲ್ಲಿ ಕ್ಲಿನಿಕ್ ನಡೆಸುತ್ತಿದ್ದೇನೆ. ಕೊಬ್ಬರಿ ಹರಾಜಿನ ದಿನ ಸುತ್ತಲ ಹಳ್ಳಿಯವರೆಲ್ಲ ಬರುತ್ತಾರೆ. ಒಬ್ಬರೂ ಈ ಪದ ಆಡಿಲ್ಲ. "ಡಾಕ್ಟ್ರಮ್ಮ, ಹತ್ತಿ ಮೇಲೆ ನಡೆದಂಗೆ ಆಯ್ತದೆ" ಅನ್ನುತ್ತಾರೆ. "ಚಪ್ಪಲಿ ಕಳಚಿ ಬಿದ್ದಿದ್ದೇ ಗೊತ್ತಾಗಲಿಲ್ಲ" ಅನ್ನುತ್ತಾರೆ. ನರ ಸೋತಿದೆ ಅಂತ ತಿಳಿಯಲು ಆ ಒಂದು ಮಾತು ಸಾಕು ನನಗೆ. ಪಾದದ ಬಗ್ಗೆ ಬರೆದ ಅಧ್ಯಾಯವನ್ನು ಅದೇ ಮಾತಿನಿಂದ ಶುರು ಮಾಡಿದ್ದೆ. ಅದನ್ನೂ ಹೊಡೆದು ಹಾಕಿದ್ದಾರೆ.

ಅಧ್ಯಾಯಗಳ ಸಾಲನ್ನೂ ಬದಲಿಸಿದ್ದಾರೆ. ಮೊದಲು "ಮೇದೋಜ್ಜೀರಕ ಗ್ರಂಥಿಯ ರಚನೆ", ಅಂದರೆ ಮೈಯೊಳಗೆ ಇನ್ಸುಲಿನ್ ತಯಾರಿಸುವ ಅಂಗ ಹೇಗಿದೆ ಅನ್ನುವುದು, ಬರಬೇಕಂತೆ. ನಾನು ಬೇಕಂತಲೇ ಶುಗರ್ ಇಳಿಯುವ ರಾತ್ರಿಯನ್ನು ಮೊದಲಿಟ್ಟಿದ್ದೆ. ಅದರ ಹಿಂದೆಯೇ ಇನ್ಸುಲಿನ್ ಸಿರಿಂಜ್. ಯಾಕೆ ಅಂತ ಇಲ್ಲಿ ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ.

ಕ್ಲಿನಿಕ್ ಶುರು ಮಾಡಿದ ಹೊಸತು. ಒಬ್ಬ ಅಜ್ಜಿಗೆ 20 ಯೂನಿಟ್ ಇನ್ಸುಲಿನ್ ಅಂತ ಚೀಟಿ ಬರೆದುಕೊಟ್ಟೆ. ಮನೆಯಲ್ಲಿ ಯಾವ ಸಿರಿಂಜ್ ಇದೆ ಅಂತ ಕೇಳಲಿಲ್ಲ. ನಮ್ಮಲ್ಲಿ ಎರಡು ಬಗೆಯ ಬಾಟಲಿ ಸಿಗುತ್ತವೆ. ಒಂದರಲ್ಲಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. ಅಜ್ಜಿಯ ಹತ್ತಿರ ಇದ್ದದ್ದು 100ರ ಬಾಟಲಿ, ಕೆಂಪು ಮುಚ್ಚಳದ ಸಿರಿಂಜ್. 20ರ ಗೆರೆಗೆ ಸರಿಯಾಗಿ ಎಳೆದರೂ ಮೈಗೆ ಹೋಗಿದ್ದು 50 ಯೂನಿಟ್. ರಾತ್ರಿ ಶುಗರ್ ತೀರಾ ಇಳಿದುಹೋಯಿತು. ಅಜ್ಜಿ ಮಲಗಿದ್ದಾರೆ ಅಂತ ಮನೆಯವರು ಅಂದುಕೊಂಡರು. ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು.

ಅಜ್ಜಿ ಉಳಿದರು. ಆದರೆ ಆ ಬೆಳಗ್ಗೆ ಅವರ ಮಗ ನನ್ನನ್ನು ನೋಡಿದ ನೋಟ ಮರೆಯಲು ಆಗಿಲ್ಲ. ಈ ಪುಸ್ತಕ ಹುಟ್ಟಿದ್ದು ಅಲ್ಲಿ. ಪ್ರತಿ ಅಧ್ಯಾಯ ಬರೆದ ಮೇಲೂ ಕ್ಲಿನಿಕ್‌ನಲ್ಲಿ ಕಾಯುತ್ತಾ ಕೂತವರಿಗೆ ಕೊಟ್ಟು ಜೋರಾಗಿ ಓದಿಸಿದ್ದೇನೆ. ಎಲ್ಲಿ ತಡವರಿಸಿದರೋ ಆ ಸಾಲನ್ನು ಮತ್ತೆ ಬರೆದಿದ್ದೇನೆ. ಕೆಲವನ್ನು ಐದಾರು ಸಲ.

ಗೆಳತಿಯೊಬ್ಬಳು ಫೋನಿನಲ್ಲಿ ಕೇಳಿದಳು, "ಎಲ್ಲದಕ್ಕೂ ಶುಗರ್, ಕಿಡ್ನಿ ಅಂತಾನೇ ಬರೆದರೆ ಕನ್ನಡ ಬೆಳೆಯೋದು ಹೇಗೆ?" ಪಠ್ಯಪುಸ್ತಕದಲ್ಲಿ ಮೂತ್ರಪಿಂಡ ಇರಲಿ, ಮಕ್ಕಳು ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಹೊಡೆದು ಹಾಕಿದ ಪದಗಳನ್ನು ಒಮ್ಮೆ ನೋಡಿ. ಬೆವರು, ನಡುಕ, ಜೋಮು, ಅಂಗಾಲು. ಇದಕ್ಕಿಂತ ಕನ್ನಡ ಇನ್ಯಾವುದು?

ಅನುಪಮಾ ನಿರಂಜನ ಅವರ ತಾಯಿ-ಮಗು ನಮ್ಮ ಅಡುಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ಅವರೂ ಡಾಕ್ಟರೇ. ಏಳನೇ ಕ್ಲಾಸ್ ಓದಿದ ನಮ್ಮಮ್ಮ ಅದನ್ನು ಯಾರ ಸಹಾಯವೂ ಇಲ್ಲದೆ ಓದಿಕೊಂಡಳು. ನನ್ನ ಪುಸ್ತಕವೂ ಯಾರದೋ ಅಡುಗೆಮನೆಯಲ್ಲಿ ಇರಬೇಕು, ಎಣ್ಣೆ ಕೈಯಲ್ಲಿ ತೆರೆಯುವ ಹಾಗೆ.

ಇವತ್ತು ರಾತ್ರಿ ಕೂತು ಎಲ್ಲವನ್ನೂ ಮೊದಲಿನ ಹಾಗೆ ಮಾಡಿ ಕಳಿಸುತ್ತೇನೆ. ಒಪ್ಪದಿದ್ದರೆ ಬೇರೆ ಪ್ರಕಾಶಕರನ್ನು ಹುಡುಕುತ್ತೇನೆ. ನನಗೆ ನಿಮ್ಮಿಂದ ಒಂದು ಸಹಾಯ ಬೇಕು. ಹುಬ್ಬಳ್ಳಿ, ಕಲಬುರಗಿ, ಕುಂದಾಪುರದ ಕಡೆಯವರೇ, ಪಾದ ಜೋಮು ಹಿಡಿದು ಮುಟ್ಟಿದ್ದು ಗೊತ್ತಾಗದಿದ್ದರೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಅವರ ಬಾಯಲ್ಲಿ ಬರುವ ಹಾಗೇ ಬರೆದು ಕಳಿಸಿ.