ಸತ್ಯಾಂಶ: ತೋಳ, ಲೈಸೆನ್ಸ್ ಮತ್ತು ದೊಡ್ಡ ಗುಂಡು

ಪುಣೆಯ ಕನ್ನಡ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ. ಸಾಸವಡ ಕಡೆ ತೋಳ ಕುರಿ ಹಿಡಿದರೆ ಬಂದೂಕಿನ ಲೈಸೆನ್ಸ್ ಇದ್ದವರು ಹೊಡೆಯಬಹುದಂತೆ. ಗುಂಡು ದೊಡ್ಡದಾದಷ್ಟೂ ಒಳ್ಳೆಯದಂತೆ, ತೋಳ ಹಿಂದಕ್ಕೆ ಹಾರಿ ಬೀಳುತ್ತದಂತೆ!

ಎರಡೂ ತಪ್ಪು.

ಲೈಸೆನ್ಸ್ ಬಂದೂಕು ಇಟ್ಟುಕೊಳ್ಳಲು ಮಾತ್ರ, ಬೇಟೆಗಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ತೋಳ ಮೊದಲ ಪಟ್ಟಿಯಲ್ಲಿದೆ, ಹುಲಿಯ ಸಾಲಿನಲ್ಲೇ. ಕೊಂದರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ. ಮನುಷ್ಯರ ಜೀವಕ್ಕೇ ಅಪಾಯವಾದರೆ ಮುಖ್ಯ ವನ್ಯಜೀವಿ ವಾರ್ಡನ್ ಲಿಖಿತ ಆದೇಶ ಕೊಡಬಹುದು. ಕುರಿ ಹೋಯಿತು ಅನ್ನುವುದು ಆ ಕಾರಣವಲ್ಲ.

ಇನ್ನು ಗುಂಡಿನ ಮಾತು. ಇದು ಸಿನಿಮಾ ನೋಡಿ ಬಂದ ನಂಬಿಕೆ, ಅಲ್ವಾ? ಬೇಟೆಗೆ ಬಳಸುವ .308 ಅಳತೆಯ ರೈಫಲಿನ ಗುಂಡು ಸುಮಾರು 10 ಗ್ರಾಂ ಅಷ್ಟೇ. ಅದು ಪ್ರಾಣಿಯನ್ನು ಎತ್ತಿ ಎಸೆಯುವಂತಿದ್ದರೆ, ಬಂದೂಕು ಹಿಂದಕ್ಕೂ ಅಷ್ಟೇ ಒದೆಯುವುದರಿಂದ, ಹೊಡೆದವನೂ ಹಿಂದಕ್ಕೆ ಹಾರಬೇಕಿತ್ತು. ತೋಳದ ಬೇಟೆಗೆ ಕಾನೂನಿನ ಅನುಮತಿ ಇರುವ ಅಮೆರಿಕದ ಮೊಂಟಾನಾದಂಥ ಕಡೆಯೂ ಗುಂಡು ಎಲ್ಲಿ ತಗುಲಿತು, ಮೈಯೊಳಗೆ ಹೊಕ್ಕು ಹೇಗೆ ಅಗಲವಾಗಿ ಅರಳಿತು ಅನ್ನುವುದೇ ಮುಖ್ಯ. ಅಲ್ಲಿನ ತೋಳ 40 ಕಿಲೋ ತೂಗಬಹುದು. ನಮ್ಮದು ಸುಮಾರು 20.

ಕುರಿ ಸತ್ತರೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ, ಕಳೇಬರ ಸರಿಸಬೇಡಿ. ಪಂಚನಾಮೆಯಾದ ಮೇಲೆ ಮಹಾರಾಷ್ಟ್ರ ಸರ್ಕಾರದಿಂದ ಪರಿಹಾರ ಸಿಗುತ್ತದೆ.